ಸಿನಿಮಾ ಬಿಟ್ಟ ಮೇಲೆ

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ಇದೆ. ಎರಡು ಬಂಡೆಗಳ ನಡುವಿನ ಸಂದು ಅದು. ಬಗ್ಗಿ, ಮೈ ಓರೆ ಮಾಡಿ ತೂರಬೇಕು. ಕಳೆದ ತಿಂಗಳು ತಂಗಿಯ ಮಗಳನ್ನು ಕರೆದುಕೊಂಡು ಹೋಗಿದ್ದೆ. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರು. ಬೆಳಿಗ್ಗೆ ಬೇಗ ತಿಂಡಿ ಮುಗಿಸಿ ಹೊರಟರೆ ಬಿಸಿಲು ಏರುವ ಮೊದಲೇ ಬೆಟ್ಟ ಹತ್ತಬಹುದು. ಕಿಂಡಿಯ ಮುಂದೆ ಗೈಡ್ ಒಬ್ಬರು ಕಾಲೇಜು ಹುಡುಗರಿಗೆ ಕಥೆ ಹೇಳುತ್ತಿದ್ದರು. ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ತಲೆ ತೂರಿಸಿದ್ದು, ಕಾವಲುಗಾರನ ಹೆಂಡತಿ ಒನಕೆ ಹಿಡಿದು ಕಾದು ನಿಂತಿದ್ದು. ಹೇಳುತ್ತಾ ಹೇಳುತ್ತಾ ಅವರು ಇಲ್ಲದ ಒನಕೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಕಣ್ಣು ದೊಡ್ಡದು ಮಾಡಿದರು. ನನಗೆ ನಗು ಬಂತು. ಅವರು ಮಾಡಿ ತೋರಿಸಿದ್ದು ನಟಿ ಜಯಂತಿಯವರನ್ನು.

ಓಬವ್ವ ಹೇಗಿದ್ದಳು ಎಂದು ತೋರಿಸುವ ಆ ಕಾಲದ ಚಿತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ. ದುರ್ಗ ಹೈದರನ ಕೈಗೆ ಹೋಗಿದ್ದು 1779ರಲ್ಲಿ. ಆಮೇಲೆ ಎರಡು ಶತಮಾನದಷ್ಟು ಕಾಲ ಆಕೆ ಬಾಯಿಂದ ಬಾಯಿಗೆ ಬಂದ ಒಂದು ಹೆಸರು. 1972ರ ಡಿಸೆಂಬರ್ ಕೊನೆಯಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ತೆರೆಗೆ ಬಂತು. ಇದೇ ಜಿಲ್ಲೆಯ ತಳುಕಿನ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಮಾಡಿದ ಸಿನಿಮಾ. ಅದರಲ್ಲಿ ಓಬವ್ವ ಬರುವುದು ಒಂದೇ ಹಾಡಿನಲ್ಲಿ, ಕೆಲವೇ ನಿಮಿಷ. ಸಿನಿಮಾದ ನಾಯಕ ರಾಮಾಚಾರಿಯ ಕಥೆಗೂ ಆಕೆಗೂ ನೇರ ಸಂಬಂಧವೂ ಇಲ್ಲ. ಆದರೂ ಅಷ್ಟೇ ಸಾಕಾಯಿತು. ಈಗ ಊರಲ್ಲಿ ಓಬವ್ವನ ಪ್ರತಿಮೆ ಇದೆ, ಓಬವ್ವನ ಹೆಸರಿನ ಕ್ರೀಡಾಂಗಣ ಇದೆ, 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಜಯಂತಿ ಮಾಡುತ್ತಿದೆ. ಆದರೆ ಕಣ್ಣು ಮುಚ್ಚಿ ಓಬವ್ವ ಎಂದರೆ ನಮಗೆಲ್ಲ ಕಾಣುವ ಮುಖ ಆ ಹಾಡಿನದ್ದು.

ತಂಗಿಯ ಮಗಳಿಗೆ 19 ವರ್ಷ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾ ಹಾಸ್ಟೆಲ್‌ನಲ್ಲಿದ್ದಾಳೆ. ಅವಳಿಗೂ ಆ ಭಂಗಿ ಗೊತ್ತು. ಮೂರನೇ ಕ್ಲಾಸಿನಲ್ಲಿ ವೇಷಭೂಷಣ ಸ್ಪರ್ಧೆಗೆ ಅವಳೇ ಓಬವ್ವ ಆಗಿದ್ದಳು. ಆದರೆ ಸಿನಿಮಾ ನೋಡಿಲ್ಲ. "ಹಾಡಿಂದ್ ಒಂದು ಬಿಟ್ ನೋಡೀನಿ ಮಾಮ, ರೀಲ್ಸ್‌ನಾಗೆ" ಎಂದಳು.

"ಈಗಿನ ಸಿನಿಮಾ ಮನಸ್ಸಲ್ಲಿ ನಿಲ್ಲೋದೇ ಇಲ್ಲ" ಎಂಬ ಮಾತು ಹೋಟೆಲಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ದಿನಾ ಕಿವಿಗೆ ಬೀಳುತ್ತದೆ. ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಸಿನಿಮಾಗಳು ಬರುತ್ತಿವೆ. ಹೋದ ವರ್ಷದ್ದು ಹತ್ತು ಹೆಸರು ಹೇಳಿ ಎಂದರೆ ತಡವರಿಸುತ್ತೇವೆ. ಇದರಲ್ಲಿ ನಿಜ ಎಷ್ಟು, ವಯಸ್ಸಾದವರ ಗೊಣಗಾಟ ಎಷ್ಟು?

ಗೊಣಗಾಟದ ಪಾಲು ಇದ್ದೇ ಇದೆ. ನಡುವಯಸ್ಸು ದಾಟಿದವರನ್ನು ಕೂರಿಸಿಕೊಂಡು ಹಳೇ ನೆನಪು ಕೇಳಿದರೆ, ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನವೇ ಜಾಸ್ತಿ ಹೊರಬರುತ್ತವೆ. ಇದನ್ನು ಮನಶ್ಶಾಸ್ತ್ರದವರು ಮತ್ತೆ ಮತ್ತೆ ಕಂಡಿದ್ದಾರೆ. ಮೊದಲ ಸೈಕಲ್ಲು, ಮೊದಲ ಪ್ರೀತಿ, ಮೊದಲ ಸೆಕೆಂಡ್ ಶೋ ಎಲ್ಲ ಆ ಗಂಟಿನಲ್ಲೇ ಇರುತ್ತವೆ. ಹಾಗಾಗಿ "ನಮ್ಮ ಕಾಲದ ಸಿನಿಮಾ" ಎನ್ನುವಾಗ ನಾವು ಅರ್ಧ ಸಿನಿಮಾವನ್ನು ಹೊಗಳುತ್ತೇವೆ, ಅರ್ಧ ನಮ್ಮ ಹರೆಯವನ್ನು. ಇನ್ನು ಮೂವತ್ತು ವರ್ಷ ಬಿಟ್ಟು ಈ ಹುಡುಗಿಯೂ 'ಕಾಂತಾರ'ದ ಬಗ್ಗೆ ಹೀಗೇ ಗೊಣಗುತ್ತಾಳೆ, ಬೇಕಾದರೆ ಬರೆದಿಟ್ಟುಕೊಳ್ಳಿ.

ಇಷ್ಟು ಕಳೆದ ಮೇಲೂ ಒಂದಿಷ್ಟು ಉಳಿಯುತ್ತದೆ. ಆ ಉಳಿದಿದ್ದರ ಬಗ್ಗೆ ನನ್ನದೊಂದು ಅನುಮಾನ. ಸಿನಿಮಾ ಕೆಟ್ಟಿದೆ ಎಂದು ನನಗೆ ಅನಿಸುವುದಿಲ್ಲ. ಸಿನಿಮಾ ಬಿಟ್ಟ ಮೇಲೆ ನಮಗೆ ಸಿಗುತ್ತಿದ್ದ ಒಂದು ಗಂಟೆ ಕೈತಪ್ಪಿದೆ.

ಮನಸ್ಸಿಗೆ ತಟ್ಟಿದ್ದು ನೆನಪಲ್ಲಿ ಉಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಅದಕ್ಕೆ ಪುರಾವೆಯಾಗಿ ಒಂದು ಸೊಗಸಾದ ಪ್ರಯೋಗವೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲ್ಯಾರಿ ಕ್ಯಾಹಿಲ್, ಜೇಮ್ಸ್ ಮೆಕ್‌ಗಾ ಮತ್ತು ಅವರ ಜೊತೆಗಾರರು ಮಾಡಿದ್ದು, 1994ರಲ್ಲಿ ಪ್ರಕಟವಾಯಿತು. ಜನರಿಗೆ ಸ್ಲೈಡುಗಳಲ್ಲಿ ಒಂದು ಪುಟ್ಟ ಕಥೆ ತೋರಿಸಿದರು. ತಾಯಿ, ಮಗ ಇಬ್ಬರೂ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅಪ್ಪನನ್ನು ನೋಡಲು ಹೊರಡುತ್ತಾರೆ. ಕೆಲವರಿಗೆ ಹೇಳಿದ ಕಥೆಯಲ್ಲಿ ದಾರಿಯಲ್ಲಿ ಏನೂ ಆಗುವುದಿಲ್ಲ. ಇನ್ನು ಕೆಲವರ ಕಥೆಯಲ್ಲಿ ಹುಡುಗನಿಗೆ ವಾಹನ ಗುದ್ದುತ್ತದೆ. ವಾರ ಬಿಟ್ಟು ಕೇಳಿದಾಗ ಅಪಘಾತದ ಕಥೆ ನೋಡಿದವರಿಗೆ ಆ ನಡುವಿನ ಭಾಗ ಚೆನ್ನಾಗಿ ನೆನಪಿತ್ತು. ಮಜಾ ಇರುವುದು ಮುಂದೆ. ಕಥೆ ತೋರಿಸುವ ಮೊದಲು ಕೆಲವರಿಗೆ ಪ್ರೊಪ್ರನಲಾಲ್ ಎಂಬ ಮಾತ್ರೆ ಕೊಟ್ಟಿದ್ದರು. ಬಿಪಿ ಇರುವವರಿಗೆ, ಎದೆ ಬಡಿತ ಜಾಸ್ತಿ ಇರುವವರಿಗೆ ಕೊಡುವ ಮಾತ್ರೆ ಅದು. ಎದೆ ಧಸಕ್ ಎಂದಾಗ ಮೈಯಲ್ಲಿ ಏರುವ ರಸದ ಕೆಲಸವನ್ನು ಅದು ತಡೆಯುತ್ತದೆ. ಮಾತ್ರೆ ನುಂಗಿದವರಿಗೆ ಅಪಘಾತದ ಭಾಗವೂ ಉಳಿದ ಭಾಗದ ಹಾಗೆಯೇ ಮಸುಕಾಗಿತ್ತು. ಅಂದರೆ ನೆನಪಿಗೆ ಮೊಳೆ ಹೊಡೆಯುವುದು ಬರೀ ತಲೆ ಅಲ್ಲ, ಎದೆ ಬಡಿತಕ್ಕೂ ಅದರಲ್ಲಿ ಕೈ ಇದೆ.

ಹಾಗಿದ್ದರೆ ಹೊಡೆದಾಟ, ರಕ್ತ, ಕಿವಿ ಕಿತ್ತುಹೋಗುವ ಹಿನ್ನೆಲೆ ಸಂಗೀತ ಇರುವ ಸಿನಿಮಾಗಳೇ ನಿಲ್ಲಬೇಕಿತ್ತು, ಅಲ್ವಾ? ಇಲ್ಲ. ಎದೆ ಬಡಿತ ಮೊಳೆಯನ್ನು ಹೊಡೆಯುತ್ತದೆ, ಸರಿ. ಆ ಮೊಳೆಗೆ ಏನನ್ನು ತೂಗುಹಾಕುತ್ತೀರಿ? ಮೂರು ನಿಮಿಷಕ್ಕೊಂದು ಮೊಳೆ ಹೊಡೆದ ಗೋಡೆಯಲ್ಲಿ ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಸಿನಿಮಾದ ಕೊನೆಯದ್ದೂ ಒಂದು ಲೆಕ್ಕ ಇದೆ. 1993ರಲ್ಲಿ ಡೇನಿಯಲ್ ಕಾನಮನ್ ತಂಡ ಜನರ ಕೈಯನ್ನು 14 ಡಿಗ್ರಿ ತಣ್ಣನೆ ನೀರಿನಲ್ಲಿ 60 ಸೆಕೆಂಡು ಅದ್ದಿಸಿತು. ಇನ್ನೊಂದು ಸಲ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡು. ಆ ಹೊತ್ತಿನಲ್ಲಿ ನೀರನ್ನು ನಿಧಾನಕ್ಕೆ 15 ಡಿಗ್ರಿಗೆ ಏರಿಸಿದರು. ಮತ್ತೆ ಯಾವುದನ್ನು ಮಾಡುತ್ತೀರಿ ಎಂದು ಕೇಳಿದರೆ ಮೂರರಲ್ಲಿ ಎರಡು ಪಾಲು ಮಂದಿ ಉದ್ದದ್ದನ್ನೇ ಆರಿಸಿಕೊಂಡರು. ನೋವು ಜಾಸ್ತಿ ಹೊತ್ತು ಇತ್ತು, ಆದರೆ ಕೊನೆ ಸ್ವಲ್ಪ ಹಿತವಾಗಿತ್ತು. ನಮ್ಮ ನೆನಪು ಎಷ್ಟು ಹೊತ್ತು ಎಂಬುದನ್ನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ತುತ್ತತುದಿ ಒಂದು, ಕೊನೆ ಒಂದು, ಇವೆರಡನ್ನು ಗಂಟು ಕಟ್ಟಿಕೊಂಡು ಹೊರಡುತ್ತದೆ. ಎರಡೂವರೆ ಗಂಟೆಯ ಸಿನಿಮಾದ ಬಗ್ಗೆ ಕೇಳಿದರೆ "ಇಂಟರ್ವಲ್ ಸೀನ್ ಸೂಪರ್, ಕ್ಲೈಮ್ಯಾಕ್ಸ್ ಡಲ್ಲು" ಎಂದು ಎರಡೇ ಮಾತಿನಲ್ಲಿ ಮುಗಿಸುವುದು ಅದಕ್ಕೇ.

ಆದರೆ ಕನ್ನಡದಲ್ಲಿ ಸುಮಾರು ಐವತ್ತು ವರ್ಷ ಉಳಿದ ಈ ಮೂರು ಸಿನಿಮಾಗಳ ಕೊನೆ ನೋಡಿ. ಯಾವುದೂ ಹಿತವಾಗಿಲ್ಲ. 'ಬಂಗಾರದ ಮನುಷ್ಯ'ದ ರಾಜೀವ ಕಟ್ಟಿದ ಮನೆಯನ್ನೇ ಬಿಟ್ಟು ನಡೆದುಬಿಡುತ್ತಾನೆ. 'ಶರಪಂಜರ'ದ ಕಾವೇರಿ ಮತ್ತೆ ಹುಚ್ಚಾಸ್ಪತ್ರೆಗೆ ಹೋಗುತ್ತಾಳೆ. 'ಘಟಶ್ರಾದ್ಧ'ದಲ್ಲಿ ಅಪ್ಪನ ಜೊತೆ ಊರಿಗೆ ಹೊರಟ ಹುಡುಗ ದಾರಿಯಲ್ಲಿ, ಬಹಿಷ್ಕಾರಕ್ಕೆ ಗುರಿಯಾಗಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ವಿಧವೆ ಯಮುನಕ್ಕನನ್ನು ನೋಡುತ್ತಾನೆ. ಅಷ್ಟೇ. ಗಿರೀಶ ಕಾಸರವಳ್ಳಿ ಆ ಸಿನಿಮಾ ಮಾಡಿದ್ದು 1977ರಲ್ಲಿ. ಅದರ ಹಳೇ ರೀಲುಗಳನ್ನು ಶುದ್ಧ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮರದ ಕೆಳಗಿನ ಯಮುನಕ್ಕ ನನ್ನ ತಲೆಯಲ್ಲಿ ಮಾತ್ರ ಯಾವತ್ತೂ ಮಸುಕಾಗಿರಲಿಲ್ಲ.

ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಕಾಡುತ್ತದೆ ಎಂದು 1927ರಲ್ಲಿ ಬ್ಲೂಮಾ ಜೈಗಾರ್ನಿಕ್ ಎಂಬ ಸಂಶೋಧಕಿ ಬರೆದರು. ಆಮೇಲೆ ಅದನ್ನು ಮತ್ತೆ ಪರೀಕ್ಷೆ ಮಾಡಿದವರಿಗೆಲ್ಲ ಅದೇ ಫಲ ಸಿಕ್ಕಿಲ್ಲ, ಹಾಗಾಗಿ ಅದನ್ನೇ ವೇದವಾಕ್ಯ ಮಾಡುವುದು ಬೇಡ. ಆದರೆ ನೋಡುವವರ ತಲೆಗೆ ಕೆಲಸ ಉಳಿಸಿ ಹೋಗುವ ಸಿನಿಮಾ ಜಾಸ್ತಿ ದಿನ ಬಾಳುತ್ತದೆ ಎನ್ನುವುದಕ್ಕೆ ನನಗೆ ಪ್ರಯೋಗ ಬೇಕಿಲ್ಲ. ನಮ್ಮ ಅವ್ವ ಇದ್ದಾಳೆ.

ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ದಾವಣಗೆರೆಗೆ ಬಂದು 'ಶರಪಂಜರ' ನೋಡಿದ್ದಳು. 1971ರ ಸಿನಿಮಾ. ತ್ರಿವೇಣಿ ಅವರ ಕಾದಂಬರಿ, ಕಲ್ಪನಾ ಕಾವೇರಿ. ಬಾಣಂತನದ ಮೇಲೆ ಮನಸ್ಸು ಕೆಟ್ಟು, ಆಸ್ಪತ್ರೆಗೆ ಸೇರಿ, ಹುಷಾರಾಗಿ ಮನೆಗೆ ಬಂದವಳನ್ನು ಗಂಡ, ನೆರೆಹೊರೆ ಎಲ್ಲ ಹುಚ್ಚಿ ಎಂದೇ ನೋಡುತ್ತಾರೆ. ಹಾಗೆ ನೋಡಿ ನೋಡಿಯೇ ಮತ್ತೆ ಹುಚ್ಚು ಹಿಡಿಸುತ್ತಾರೆ. ನಮ್ಮ ಹಳ್ಳಿಯ ಓಣಿಯಲ್ಲೂ ಹಾಗೆ ಆಸ್ಪತ್ರೆಯಿಂದ ಬಂದ ಹೆಣ್ಣುಮಗಳು ಒಬ್ಬಳಿದ್ದಳಂತೆ. ಅವಳು ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು, ಚೂರಿ ಕತ್ತರಿ ಒಳಗಿಡುತ್ತಿದ್ದರು. ಅವ್ವನೂ ಹಾಗೇ ಮಾಡುತ್ತಿದ್ದಳಂತೆ, ಅದನ್ನು ಮುಚ್ಚಿಡುವುದಿಲ್ಲ. ಸಿನಿಮಾ ನೋಡಿ ಬಂದ ರಾತ್ರಿ ನಿದ್ದೆ ಹತ್ತಲಿಲ್ಲ. ಕೆಲವು ದಿನ ಬಿಟ್ಟು, ಮನೆಯಲ್ಲಿ ಏನೋ ಕಾರ್ಯ ಇತ್ತು, ಆ ಹೆಣ್ಣುಮಗಳನ್ನು ಕರೆದು ಅಡುಗೆಮನೆಯಲ್ಲಿ ಕೂರಿಸಿದಳು. ಮುಂದೆ ಒಂದು ಮೊರ ಈರುಳ್ಳಿ ಸುರಿದಳು. ಈಳಿಗೆಮಣೆ ತಂದು ಅವಳ ಕಡೆ ಸರಿಸಿದಳು. "ಈಳಿಗೆ ಕಂಡು ಅವಳು ನನ್ನ ಮುಖ ನೋಡಿದ್ಲು ಕಣಪ್ಪಾ, ಆಮೇಲೆ ಸುಮ್ನೆ ಹೆಚ್ಚಾಕ್ ಕುಂತ್ಲು" ಎನ್ನುತ್ತಾಳೆ ಅವ್ವ.

ಇದನ್ನು ನನಗೆ ಹತ್ತು ಸಲವಾದರೂ ಹೇಳಿದ್ದಾಳೆ. ಸಿನಿಮಾದ ಕಥೆಯನ್ನೂ ಹೇಳುತ್ತಾಳೆ. ನಾನು ದೊಡ್ಡವನಾಗಿ ಸಿನಿಮಾ ನೋಡಿದಾಗ ಅವ್ವ ಹೇಳಿದ ಕೆಲವು ದೃಶ್ಯಗಳು ಅದರಲ್ಲಿ ಇರಲೇ ಇಲ್ಲ. ಯಾವುದೋ ಓಣಿಯ ನೆನಪು ಬಂದು ಸಿನಿಮಾದೊಳಗೆ ಸೇರಿಕೊಂಡಿದೆ. ಹಾಗೆ ಬೆರೆತಿದ್ದಕ್ಕೇ ಅದು ಅವಳದಾಯಿತು ಅನಿಸುತ್ತದೆ.

'ಬಂಗಾರದ ಮನುಷ್ಯ' ನೋಡಿ ಓದಿದ ಹುಡುಗರು ಪೇಟೆ ಬಿಟ್ಟು ಹೊಲಕ್ಕೆ ಮರಳಿದರು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಎಷ್ಟು ಮಂದಿ ಮರಳಿದರು ಎಂದು ಯಾರೂ ಎಣಿಸಿಲ್ಲ. ಎಣಿಸುವುದು ಸಾಧ್ಯವೂ ಇಲ್ಲ. ಆದರೆ ಈಳಿಗೆಮಣೆಯಂಥ ಲೆಕ್ಕ ಮನೆಮನೆಯಲ್ಲಿ ಒಂದೊಂದು ಇರುತ್ತದೆ. ಅದು ಗಳಿಕೆಯ ಪಟ್ಟಿಗೆ ಬರುವುದಿಲ್ಲ.

ಈಗ ಹೇಳುವ ವಿಷಯಕ್ಕೆ ಬರೋಣ. ನಮ್ಮ ಹಳ್ಳಿಯಿಂದ ಎಲ್ಲರಿಗೂ ಸಿನಿಮಾಕ್ಕೆ ಬರಲು ಆಗುತ್ತಿರಲಿಲ್ಲ. ಒಬ್ಬ ಬಂದು ನೋಡುತ್ತಿದ್ದ, ಮಾರನೇ ಸಂಜೆ ಆಂಜನೇಯನ ಗುಡಿ ಕಟ್ಟೆ ಮೇಲೆ ಹತ್ತು ಮಂದಿಗೆ ಹೇಳುತ್ತಿದ್ದ. ನಮ್ಮ ದೊಡ್ಡಪ್ಪನ ಮಗ ಇದರಲ್ಲಿ ಪಂಟ. ಹಿನ್ನೆಲೆ ಸಂಗೀತವನ್ನೂ ಬಾಯಲ್ಲೇ ನುಡಿಸುತ್ತಿದ್ದ, ಫೈಟಿಂಗ್ ಬಂದರೆ ಪಕ್ಕದಲ್ಲಿ ಕೂತವನಿಗೆ ಏಟು ಗ್ಯಾರಂಟಿ. ಅವನ ಬಾಯಲ್ಲಿ ಕೇಳಿದ ಒಂದು ಸಿನಿಮಾವನ್ನು ವರ್ಷಗಳ ಮೇಲೆ ನೋಡಿದಾಗ ನನಗೆ ಮೋಸವಾದ ಹಾಗಾಯಿತು. ಅವನು ಹೇಳಿದ್ದೇ ಚೆನ್ನಾಗಿತ್ತು. ಈಗ ಅವನಿಗೆ ಅರವತ್ತು ದಾಟಿದೆ, ಇವತ್ತಿಗೂ ಕೇಳಿದರೆ ಆ ಕಥೆಗಳನ್ನು ಸೀನು ಬಿಡದೆ ಹೇಳುತ್ತಾನೆ.

ಅವನ ನೆನಪಿನ ಗುಟ್ಟು 2006ರ ಒಂದು ಪ್ರಯೋಗದಲ್ಲಿದೆ. ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕಿ ಎಂಬಿಬ್ಬರು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಾದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಓದಿದವರದೇ ಮೇಲುಗೈ. ವಾರ ಬಿಟ್ಟು ಕೇಳಿದರೆ ತಿರುಗುಮುರುಗು, ನೆನಪಿಸಿಕೊಂಡು ಬರೆದವರು ಮುಂದಿದ್ದರು. ಒಳಗಿಂದ ಎಳೆದು ಹೊರಹಾಕಿದ್ದು ಗಟ್ಟಿಯಾಗುತ್ತದೆ. ಕಟ್ಟೆ ಮೇಲಿನ ಕಥೆ ಮಾಡಿದ ಕೆಲಸವೂ ಅದೇ. ಅಣ್ಣ ನೋಡಿದ್ದು ಒಂದು ಸಲ, ಎಳೆದು ಹೊರಹಾಕಿದ್ದು ಇಪ್ಪತ್ತು ಸಲ.

ದಾವಣಗೆರೆ ಪೇಟೆಯಲ್ಲಿದ್ದವರಿಗೆ ಕಟ್ಟೆ ಬೇಕಿರಲಿಲ್ಲ, ನಡೆದುಕೊಂಡು ಹೋಗುವ ದಾರಿಯೇ ಸಾಕಿತ್ತು. ಅಶೋಕ ಟಾಕೀಸ್ ಗೇಟು, ಅರುಣಾ ಸರ್ಕಲ್ಲು ಎಂದು ಟಾಕೀಸುಗಳ ಹೆಸರಲ್ಲೇ ದಾರಿ ಹೇಳುವ ಊರು ಇದು. ನಾವು ಕಾಲೇಜಿನಲ್ಲಿದ್ದಾಗ ಸೆಕೆಂಡ್ ಶೋ ಬಿಟ್ಟರೆ ಆಟೋಗೆ ದುಡ್ಡಿಲ್ಲ. ಐದಾರು ಮಂದಿ ನಡೆಯುತ್ತಾ ಹೊರಡುವುದು. ರೈಲ್ವೆ ಗೇಟು ಹಾಕಿದ್ದರೆ ಇನ್ನೂ ಒಳ್ಳೆಯದು, ಗೂಡ್ಸ್ ಗಾಡಿ ಹೋಗುವವರೆಗೂ ಜಗಳ. ಅವನು ಆ ಹುಡುಗಿಯನ್ನು ಯಾಕೆ ಬಿಟ್ಟುಬಂದ, ನೀನಾಗಿದ್ದರೆ ಏನು ಮಾಡುತ್ತಿದ್ದೆ. ಮಾರನೇ ದಿನ ಸಂಜೆ ಮಂಡಕ್ಕಿ ಮಿರ್ಚಿ ಮುಂದೆ ಇಟ್ಟುಕೊಂಡು ಅದೇ ಜಗಳದ ಎರಡನೇ ಭಾಗ. ನಮ್ಮೂರ ಕಡೆ ನರ್ಗಿಸ್ ಮಂಡಕ್ಕಿ ಅಂತಲೇ ಒಂದಿದೆ. ಆ ಹೆಸರು ಎಲ್ಲಿಂದ ಬಂತೋ, ತಿನ್ನುವಾಗೆಲ್ಲ ನನಗೆ ಆ ನಟಿಯೇ ನೆನಪಾಗುತ್ತಾರೆ.

ಈಗ ಏನಾಗಿದೆ ನೋಡಿ. ಸಿನಿಮಾ ಬರುವ ಮೊದಲೇ ಅದರ ತುತ್ತತುದಿ ಕತ್ತರಿಸಿ ಮೂವತ್ತು ಸೆಕೆಂಡಿನ ತುಂಡಾಗಿ ಫೋನಿಗೆ ಬಂದಿರುತ್ತದೆ. ನಲವತ್ತು ಸಲ ನೋಡಿರುತ್ತೇವೆ. ಥಿಯೇಟರಿನಲ್ಲಿ ಆ ಜಾಗ ಬಂದಾಗ ಎದೆ ಬಡಿದುಕೊಳ್ಳುವುದಿಲ್ಲ, ಕೈ ಫೋನಿಗೆ ಹೋಗುತ್ತದೆ, ರೆಕಾರ್ಡ್ ಮಾಡಲು. ಮನೆಯಲ್ಲಿ ನೋಡಿದರೆ ಕೊನೆಯೂ ಸಿಗುವುದಿಲ್ಲ. ಹೆಸರುಗಳು ಮೇಲೇರುವ ಮೊದಲೇ ಪರದೆ ಚಿಕ್ಕದಾಗಿ ಮೂಲೆಗೆ ಹೋಗುತ್ತದೆ, ಮುಂದಿನದು ತಾನಾಗಿಯೇ ಶುರು. ಯಮುನಕ್ಕ ಮರದ ಕೆಳಗೆ ಕೂತಿರುವಾಗಲೇ ಇನ್ಯಾರದೋ ಕಾಮಿಡಿ. ಸಿನಿಮಾ ನಮ್ಮ ಜೊತೆ ನಡೆದುಬರಲು ದಾರಿಯೇ ಇಲ್ಲ. ಸೋಫಾದಿಂದ ಮಂಚಕ್ಕೆ ಹತ್ತು ಹೆಜ್ಜೆ.

ಮೊದಲು ಗಾಂಧಿ ಕ್ಲಾಸಿನವರು ಒಂದೇ ಸಿನಿಮಾವನ್ನು ನಾಲ್ಕು ಸಲ ನೋಡುತ್ತಿದ್ದರು. ಈಗ ಟಿಕೆಟ್ ದರ ನೋಡಿಯೇ ಎರಡನೇ ಸಲದ ಆಸೆ ಹೋಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ 200 ರೂಪಾಯಿಯ ಮಿತಿ ಹಾಕಿತ್ತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು.

ಫೋನನ್ನೇ ಬೈದರೆ ಅನ್ಯಾಯವಾದೀತು. 2015ರ 'ತಿಥಿ'ಯಂಥ ಸಿನಿಮಾ, ಸ್ಟಾರ್ ಇಲ್ಲದ್ದು, ಹಳ್ಳಿಯವರೇ ನಟಿಸಿದ್ದು, ನಮ್ಮಂಥ ಊರಿನ ಥಿಯೇಟರಿನಲ್ಲಿ ಎಷ್ಟು ದಿನ ನಿಂತೀತು? ಅದನ್ನು ಜನ ಹುಡುಕಿಕೊಂಡು ನೋಡಿ, ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದು ಫೋನಿನಲ್ಲೇ. ಹುಡುಗರು ಒಂದು ದೃಶ್ಯದ ಮೇಲೆ ಕಾಮೆಂಟುಗಳಲ್ಲಿ ಮೂರು ದಿನ ಜಗಳ ಮಾಡುತ್ತಾರೆ. ಅದೂ ರೈಲ್ವೆ ಗೇಟೇ. ಗೂಡ್ಸ್ ಗಾಡಿ ಇಲ್ಲ, ಅಷ್ಟೇ.

ಇನ್ನೊಂದು ಮಾತು. ಉಳಿಯುವುದೆಲ್ಲ ಒಳ್ಳೆಯದೇ ಎಂದುಕೊಳ್ಳಬೇಡಿ. 'ನಾಗರಹಾವು'ನಲ್ಲಿ ಅಂಬರೀಶ್ ಮಾಡಿದ ಜಲೀಲ, ಸೈಕಲ್ಲಿನಲ್ಲಿ ಬಂದು ಹುಡುಗಿಯನ್ನು ಚುಡಾಯಿಸುವವನು. ಅವನು ಕೆಟ್ಟವನು ಎಂದೇ ಸಿನಿಮಾ ತೋರಿಸುತ್ತದೆ, ರಾಮಾಚಾರಿ ಅವನಿಗೆ ಬಾರಿಸುತ್ತಾನೆ ಕೂಡ. ಆದರೆ ಅವನ ಬುಲ್‌ಬುಲ್ ಡೈಲಾಗು ಮೂರು ತಲೆಮಾರಿನ ಹುಡುಗರ ಬಾಯಲ್ಲಿ ತಮಾಷೆಯಾಗಿ ಉಳಿಯಿತು. ಕಾಲೇಜು ದಾರಿಯಲ್ಲಿ ಅದನ್ನು ಕೇಳಿಸಿಕೊಂಡ ಹುಡುಗಿಯರಿಗೆ ಅದು ತಮಾಷೆಯಾಗಿತ್ತಾ? ಏಟು ತಿಂದಿದ್ದು ಮರೆತುಹೋಯಿತು, ಡೈಲಾಗು ಉಳಿಯಿತು. 2025ರಲ್ಲಿ 'ಕಾಂತಾರ'ದ ಮುಂದಿನ ಭಾಗ ಬಂದಾಗ ಥಿಯೇಟರಿನೊಳಗೆ ಕೆಲವರು ದೈವ ಬಂದವರಂತೆ ಆಡತೊಡಗಿದರು. ಹಾಗೆ ಮಾಡಬೇಡಿ ಎಂದು ನಿರ್ಮಾಪಕರೇ ಕೇಳಿಕೊಳ್ಳಬೇಕಾಯಿತು. ಬಿಟ್ಟ ಬಾಣದ ಹಾಗೆ, ಸಿನಿಮಾ ಎಲ್ಲಿ ನಾಟುತ್ತದೆ ಎಂಬುದು ಮಾಡಿದವರ ಕೈಯಲ್ಲಿಲ್ಲ. ತ.ರಾ.ಸು. ಅವರಿಗೇ ಸಿನಿಮಾ ಹಿಡಿಸಿರಲಿಲ್ಲವಂತೆ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದಿದ್ದರಂತೆ. ದುರ್ಗದಲ್ಲಿ ಈ ಮಾತು ಇವತ್ತಿಗೂ ಓಡಾಡುತ್ತದೆ.

ಒಂದು ಸಿನಿಮಾ ಜನರೊಳಗೆ ಇಳಿದಿದೆಯೋ ಇಲ್ಲವೋ ಎಂದು ನೋಡಲು ನನ್ನದೊಂದು ನಾಟಿ ಅಳತೆ ಇದೆ. ಪಾತ್ರದ ಹೆಸರು ಎಲ್ಲರ ಹೆಸರಾಗಿದೆಯಾ? ಪ್ರೀತಿಯ ಗುರುಗಳು ನಿವೃತ್ತರಾದರೆ ಭಾಷಣದಲ್ಲಿ, ರಾಮಾಚಾರಿಯ ಗುರುವಿನ ಹೆಸರು ಹಿಡಿದು, "ನಮ್ಮ ಚಾಮಯ್ಯ ಮೇಷ್ಟ್ರು" ಎನ್ನುತ್ತಾರೆ. ಪಿಂಚಣಿಗೆ ಅಲೆದು ಸುಸ್ತಾದವರನ್ನು ಕಂಡರೆ 'ತಬರನ ಕಥೆ'ಯ ತಬರ ನೆನಪಾಗುತ್ತಾನೆ. ನಮ್ಮ ಅಪ್ಪ ತೀರಿಕೊಂಡ ಮೇಲೆ ಅವ್ವನ ಕಾಗದಪತ್ರ ಹಿಡಿದು ಒಂದು ಕಚೇರಿಗೆ ಏಳು ಸಲ ಹೋದೆ. ಏಳನೇ ಸಲ ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಅಜ್ಜ "ನಾನೂ ತಬರಶೆಟ್ಟಿನೇ ಕಣಪ್ಪ" ಎಂದರು. ಸಿನಿಮಾ ಬಂದಿದ್ದು 1986ರಲ್ಲಿ. ಅವರಿಗೆ ನಿರ್ದೇಶಕರ ಹೆಸರು ಗೊತ್ತಿರಲಿಲ್ಲ, ತಬರ ಗೊತ್ತಿದ್ದ.

ಕೋಟೆಯಿಂದ ಬಂದ ರಾತ್ರಿ ತಂಗಿಯ ಮಗಳನ್ನು ಕೂರಿಸಿಕೊಂಡು 'ನಾಗರಹಾವು' ಹಾಕಿದೆ. ಒಂದು ಷರತ್ತು, ಫೋನು ಅವಳ ಅಜ್ಜಿ ಹತ್ತಿರ. ಮೊದಲರ್ಧ ಗಂಟೆ ಕಷ್ಟಪಟ್ಟಳು. ವಿಗ್ ನೋಡಿ ನಕ್ಕಳು, "ಎಷ್ಟು ಕಿರುಚ್ತಾರೆ ಮಾಮ" ಎಂದಳು. ಬೆಳಿಗ್ಗೆ ಹತ್ತಿಳಿದ ಮೆಟ್ಟಿಲುಗಳು ಕಂಡಾಗ ಸ್ವಲ್ಪ ಮುಂದೆ ಬಗ್ಗಿ ಕೂತಳು. ಕೊನೆಯಲ್ಲಿ ಅಳಲಿಲ್ಲ, ಏನೂ ಹೇಳಲಿಲ್ಲ. ಅಜ್ಜಿಯಿಂದ ಫೋನು ಇಸಿದುಕೊಂಡು ಮಲಗಲು ಹೋದಳು. ನನಗೆ ಸ್ವಲ್ಪ ಪೆಚ್ಚಾಯಿತು.

ಹನ್ನೆರಡು ದಿನದ ಮೇಲೆ ಹಾಸ್ಟೆಲ್‌ನಿಂದ ಫೋನ್ ಬಂತು. ಊಟ ಆಯ್ತಾ, ಅಜ್ಜಿ ಮಂಡಿ ಹೆಂಗೈತೆ ಎಲ್ಲ ಆದ ಮೇಲೆ ಕೇಳಿದಳು.

"ಮಾಮ, ಆ ಚಾಮಯ್ಯ ಮೇಷ್ಟ್ರು ಎರಡು ಸಲಾನೂ ರಾಮಾಚಾರಿ ಪ್ರೀತಿಗೆ ಯಾಕೆ ಅಡ್ಡ ಬಂದ್ರು? ಅಲಮೇಲು ಹತ್ರಾನೂ, ಮಾರ್ಗರೆಟ್ ಹತ್ರಾನೂ?"

"ಅವನಿಗೆ ಒಳ್ಳೇದಾಗ್ಲಿ ಅಂತ ಕಣೇ."

"ಅವನಿಗೆ ಸರಿ. ಆ ಇಬ್ರು ಹುಡುಗೀರನ್ನ ಯಾರಾದ್ರೂ ಕೇಳಿದ್ರಾ?"

ಫೋನನ್ನು ಅವ್ವನ ಕೈಗೆ ಕೊಟ್ಟೆ. ಅಜ್ಜಿ ಮೊಮ್ಮಗಳು ಮುಕ್ಕಾಲು ಗಂಟೆ ಮಾತಾಡಿದರು.